ಹಾವು ಮಂತ್ರಿಯಾದ ಸೀಮೆಯಲ್ಲಿ ಮಾಯಾಕಥೆಗೇಕೆ ಬರ?

ರಾಜ ಕದಮ್ ರಾವ್‌ನ ಮಂತ್ರಿ ಒಂದು ಹಾವು, ಹೆಸರು ಪದಮ್ ರಾವ್. ಕಬ್ಬಿಣವನ್ನು ಚಿನ್ನ ಮಾಡಿ ತೋರಿಸಿ ರಾಜನ ಮನಗೆದ್ದ ಜೋಗಿಯೊಬ್ಬ, ಒಂದು ದೇಹದಿಂದ ಇನ್ನೊಂದಕ್ಕೆ ಪ್ರಾಣ ದಾಟಿಸುವ ಗುಟ್ಟನ್ನೂ ಕಲಿಸುತ್ತಾನೆ. ಕಲಿತ ರಾಜ ಗಿಳಿಯ ಮೈಹೊಕ್ಕದ್ದೇ ತಡ, ಜೋಗಿ ರಾಜನ ಮೈಹೊಕ್ಕು ಸಿಂಹಾಸನದ ಮೇಲೆ ಕುಳಿತುಬಿಡುತ್ತಾನೆ. ಗಿಳಿಯಾಗಿ ಅಲೆದಲೆದು ಸೋತ ರಾಜನನ್ನು ಕೊನೆಗೆ ಕಾಪಾಡುವುದು ಆ ಹಾವು ಮಂತ್ರಿಯೇ. ಈ ಕಥೆಯನ್ನು ಮಸ್ನವಿ ಎಂಬ ದ್ವಿಪದಿ ಕಾವ್ಯವಾಗಿ ಬರೆದವನು ಫಖ್ರುದ್ದೀನ್ ನಿಜಾಮಿ. ಬರೆದ ಊರು ಬೀದರ್. ಕಾಲ ಇಂದಿಗೆ ಸುಮಾರು 600 ವರ್ಷದ ಹಿಂದೆ, ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಆಳ್ವಿಕೆ. ದಖನಿ ಉರ್ದುವಿನಲ್ಲಿ ಈವರೆಗೆ ದೊರೆತಿರುವ ಕಥಾಕಾವ್ಯಗಳಲ್ಲಿ ಇದೇ ಅತ್ಯಂತ ಹಳೆಯದೆಂದು ವಿದ್ವಾಂಸರು ಎಣಿಸುತ್ತಾರೆ. ಇದರ ಹಸ್ತಪ್ರತಿ ಕರಾಚಿ ಸೇರಿತ್ತು; 1973ರಲ್ಲಿ ಜಮೀಲ್ ಜಾಲಿಬಿ ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದರು.

ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಬೀದರಿಗೆ ತಂದವನು ಇದೇ ಅಹ್ಮದ್ ಶಾ. ಅಷ್ಟೂರಿನಲ್ಲಿರುವ ಅವನ ಗೋರಿಗೆ ಉರುಸಿನ ದಿನ ಮುಸ್ಲಿಮರ ಜೊತೆ ಲಿಂಗಾಯತರೂ ಬರುತ್ತಾರೆ. ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ಕಾಣುವ ಭಕ್ತರಿದ್ದಾರೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ವಿಜಯನಗರದಲ್ಲಿ ಚಾಮರಸ ‘ಪ್ರಭುಲಿಂಗಲೀಲೆ’ ಬರೆದ. ಅಲ್ಲಿ ಮಾಯೆಯೇ ರಾಜಕುಮಾರಿಯಾಗಿ ಹುಟ್ಟಿ ಬಂದು ಅಲ್ಲಮನಿಗೆ ಎದುರಾಗುತ್ತಾಳೆ. ಅದಕ್ಕೂ 400 ವರ್ಷ ಮೊದಲು, 1031ರಲ್ಲಿ, ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಮಾತಾಡುವ ಸಿಂಹ, ನರಿ, ಕಾಗೆ, ಗೂಬೆಗಳನ್ನು ಪಂಚತಂತ್ರದ ಮೂಲಕ ಕನ್ನಡಕ್ಕೆ ಕರೆತಂದಿದ್ದ. ಕಥೆಯ ವಿಷಯದಲ್ಲಿ ಇಷ್ಟು ಸಿರಿವಂತವಾದ ಸೀಮೆ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಈಗ ಅದೇ ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಸಾಯಗಾಂವಕ್ಕೆ ಬರೋಣ. ಹೋಬಳಿ ಕೇಂದ್ರ, ಮಗ್ಗುಲಲ್ಲೇ ಮಹಾರಾಷ್ಟ್ರ. ಅಲ್ಲಿ ಎಂಟನೆಯ ತರಗತಿ ಓದುವ ಹುಡುಗಿಯೊಬ್ಬಳು ಗ್ರಂಥಾಲಯಕ್ಕೆ ಹೋಗಿ, ‘ಮಾಯಾಮಂತ್ರದ ಕಥಿ ಪುಸ್ತಕ ಇದ್ರ ಕೊಡ್ರಿ ಸರ್’ ಎಂದು ಕೇಳಿದಳೆನ್ನಿ. ಅವಳ ಕೈಗೆ ಏನು ಸಿಗಬಹುದು? ರಾಜ್ಯದ ಬಹುತೇಕ ಹಳ್ಳಿಗಳ ಕಪಾಟು ನೋಡಿದವರಿಗೆ ಉತ್ತರ ಗೊತ್ತು: ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿ, ಸಾಮಾನ್ಯ ಜ್ಞಾನದ ಪ್ರಶ್ನೋತ್ತರ, ಮಹಾಪುರುಷರ ಜೀವನ ಚರಿತ್ರೆ, ಕೊನೆಯಲ್ಲಿ ‘ನೀತಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ತೆಳು ಕಥಾಪುಸ್ತಕ. ಮೊದಲ ಮೂರು ಅವಳಿಗೆ ಇನ್ನೂ ಬೇಡ. ನಾಲ್ಕನೆಯದು ಅವಳ ತಮ್ಮನಿಗೆ ಸರಿ, ಅವಳಿಗೆ ಎಳಸು.

ಮಕ್ಕಳ ಓದಿನ ಮಾತು ಬಂದಾಗಲೆಲ್ಲ ಮೊಬೈಲನ್ನು ಬಯ್ದು ಮುಗಿಸುವುದು ರೂಢಿಯಾಗಿದೆ. ಗಡಿ ಭಾಗದ ಕನ್ನಡದ ಮಾತು ಬಂದರೆ ನಾಮಫಲಕ, ಶಿಕ್ಷಕರ ಕೊರತೆ, ಶಾಲಾ ಕಟ್ಟಡಗಳ ಚರ್ಚೆಯಾಗುತ್ತದೆ. ಎರಡೂ ಚರ್ಚೆಗಳು ಒಂದು ಸಂಗತಿಯನ್ನು ದಾಟಿ ಹೋಗುತ್ತವೆ. ಹನ್ನೊಂದರಿಂದ ಹದಿನಾರರ ನಡುವಿನ ಮಕ್ಕಳು ಒಂದು ಭಾಷೆಯಲ್ಲಿ ಓದುಗರಾಗಿ ನೆಲೆಯೂರುವುದು, ರಾತ್ರಿ ಊಟಕ್ಕೆ ಕರೆದರೂ ಕೆಳಗಿಡಲಾಗದ ಪುಸ್ತಕ ಆ ಭಾಷೆಯಲ್ಲಿ ಸಿಕ್ಕಾಗ. ಆ ವಯಸ್ಸಿಗೆ ಅಂಥ ಹಿಡಿತ ಸಾಧಿಸುವ ಶಕ್ತಿ ಫ್ಯಾಂಟಸಿಗೆ ಇರುವಷ್ಟು ಬೇರೆ ಪ್ರಕಾರಕ್ಕೆ ಕಡಿಮೆ. ಹಾಗಾಗಿ ಸಾಯಗಾಂವದಂಥ ಊರಿನಲ್ಲಿ ಒಂದು ಸಾಲು ಒಳ್ಳೆಯ ಫ್ಯಾಂಟಸಿ ಪುಸ್ತಕಗಳನ್ನು ಇಡುವುದು ಮತ್ತು ಅವನ್ನು ಗೊತ್ತಿದ್ದು ಶಿಫಾರಸು ಮಾಡುವ ಒಬ್ಬ ಹಿರಿಯರನ್ನು ಇಡುವುದು ಭಾಷೆಯ ಕೆಲಸವೇ ಆಗಿದೆ.

ಇದಕ್ಕೆ ಇತಿಹಾಸದ ಸಾಕ್ಷಿಯಿದೆ. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ 1888ರಿಂದ ಹೊರಬರತೊಡಗಿತು. ತಿಲಿಸ್ಮು, ವೇಷ ಮರೆಸುವ ಐಯಾರರು, ಗುಪ್ತ ಕೋಟೆಗಳ ಈ ಕಾದಂಬರಿಯನ್ನು ಓದಲೆಂದೇ ಉರ್ದು ಬಲ್ಲ ಎಷ್ಟೋ ಮಂದಿ ಹಿಂದಿ ಕಲಿತರೆಂದು ಹಿಂದಿ ಸಾಹಿತ್ಯದ ಚರಿತ್ರೆಕಾರ ರಾಮಚಂದ್ರ ಶುಕ್ಲ ಬರೆದಿದ್ದಾರೆ. ಯಾವ ಸರ್ಕಾರಿ ಆದೇಶವೂ ಮಾಡದ ಕೆಲಸವನ್ನು ಒಂದು ಮಾಯಾಕಥೆ ಮಾಡಿತು. ಬಡವರ ಬದುಕಿನ ಕಟು ವಾಸ್ತವವನ್ನು ಬರೆದ ಪ್ರೇಮಚಂದ್ ಕೂಡ ಹುಡುಗನಾಗಿದ್ದಾಗ ಗೋರಖಪುರದಲ್ಲಿ ಉರ್ದುವಿನ ‘ತಿಲಿಸ್ಮ್-ಎ-ಹೋಶ್‌ರುಬಾ’ದ ದಪ್ಪ ಸಂಪುಟಗಳನ್ನು ನುಂಗಿದವರು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಮಂತ್ರವಾದಿಗಳ ಕಥೆ ಓದಿದ ಹುಡುಗ ‘ಗೋದಾನ’ ಬರೆಯುವವರೆಗೆ ಬೆಳೆದ.

ಗಡಿಯಾಚೆಗೆ ಕಣ್ಣು ಹಾಯಿಸಿದರೆ ನಮ್ಮ ಕೊರತೆ ಇನ್ನೂ ಸ್ಪಷ್ಟ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ‘ಬಾಲಭಾರತಿ’ 1971ರಿಂದ ‘ಕಿಶೋರ್’ ಎಂಬ ಮಾಸಿಕವನ್ನು ಮಕ್ಕಳಿಗಾಗಿ ತರುತ್ತಿದೆ. ಹ್ಯಾರಿ ಪಾಟರ್ ಸರಣಿ ಇಂಗ್ಲಿಷಿನಲ್ಲಿ 1997ರಲ್ಲಿ ಶುರುವಾಗಿ ಮುಂದಿನ ದಶಕದಲ್ಲಿ ಹಿಂದಿ, ಮರಾಠಿ ಮೊದಲಾದ ಭಾಷೆಗಳಿಗೆ ಬಂತು. ಆ ಅಲೆಯಲ್ಲಿ ಕನ್ನಡ ಇರಲಿಲ್ಲ. ಭಾಲ್ಕಿಯಿಂದ ರೈಲು ಹತ್ತಿದರೆ ಕಮಲನಗರದ ಮುಂದೆ ಉದಗೀರ್. 2022ರ ಏಪ್ರಿಲ್‌ನಲ್ಲಿ 95ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದ ಊರು ಅದು. ಹ್ಯಾರಿಯನ್ನು ಮರಾಠಿಯಲ್ಲಿ ಓದಬಲ್ಲ ಸಾಯಗಾಂವದ ಹುಡುಗನಿಗೆ ಅದರ ಜೋಡಿಯಾಗಿ ಕನ್ನಡದಲ್ಲಿ ಏನು ಕೊಡುತ್ತೇವೆ ಎಂಬುದು ಭಾಷಾಭಿಮಾನದ ಪ್ರಶ್ನೆಗಿಂತ ಹೆಚ್ಚಾಗಿ ಪುಸ್ತಕ ಖರೀದಿಯ ಪ್ರಶ್ನೆ.

ಕನ್ನಡದಲ್ಲಿ ಈ ಸಾಲು ಯಾವತ್ತೂ ಖಾಲಿಯಿತ್ತೆಂದಲ್ಲ. ಪಂಜೆ ಮಂಗೇಶರಾಯರು ‘ಗುಡುಗುಡು ಗುಮ್ಮಟ ದೇವರು’ ಕಟ್ಟಿಕೊಟ್ಟರು. ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳ ಕಥೆ ಬ್ರೌನಿಂಗ್ ಕವಿತೆಯ ಹಾದಿ ಹಿಡಿದು ಬಂದು, ಕುವೆಂಪು ಕೈಯಲ್ಲಿ ತುಂಗೆಯ ದಡದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಯಿತು. ಲೂಯಿಸ್ ಕ್ಯಾರಲ್‌ನ ಆಲಿಸ್ ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಇಳಿದಳು. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿದ ‘ಚಂದಮಾಮ’ ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂತು. ಹೆಗಲ ಮೇಲೆ ಶವ ಹೊತ್ತ ವಿಕ್ರಮನನ್ನು ಚಿತ್ರಕಾರ ಶಂಕರ್ ಎಷ್ಟೋ ತಲೆಮಾರುಗಳ ಕಣ್ಣಲ್ಲಿ ನಿಲ್ಲಿಸಿದರು. ‘ಬಾಲಮಂಗಳ’ದ ಡಿಂಗನನ್ನು ಕಾದು ಕುಳಿತು ಓದಿದವರು ಈಗ ಎಂಟನೆಯ ತರಗತಿ ಮಕ್ಕಳ ಅಪ್ಪ, ಅವ್ವ ಆಗಿದ್ದಾರೆ. ‘ಚಂದಮಾಮ’ ಕಳೆದ ದಶಕದ ಮೊದಲ ವರ್ಷಗಳಲ್ಲಿ ನಿಂತುಹೋಯಿತು. ಬಸ್ ನಿಲ್ದಾಣದ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಸಿಗುತ್ತಿದ್ದ ಆ ರುಚಿಯ ಜಾಗಕ್ಕೆ ಹಿಂದಿಗೆ ಡಬ್ ಆದ ಕಾರ್ಟೂನುಗಳು ಬಂದವು. ಮಕ್ಕಳು ಫ್ಯಾಂಟಸಿ ಬಿಟ್ಟಿಲ್ಲ. ಅದನ್ನು ಕನ್ನಡದಲ್ಲಿ, ಪುಟದ ಮೇಲೆ ಸವಿಯುವುದು ಮಾತ್ರ ತಪ್ಪಿದೆ.

ಇಂಥ ಪುಸ್ತಕಗಳ ಮೇಲೆ ಆಕ್ಷೇಪಗಳೂ ಇವೆ. ಮೊದಲನೆಯದು ಅಂಕಗಳದ್ದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗಿನ ಸಾಲುಗಳಲ್ಲಿರುವುದು ವರ್ಷವರ್ಷದ ಸುದ್ದಿ. ಇತ್ತ ಬೀದರ್ ನಗರ ನೀಟ್ ಕೋಚಿಂಗಿಗೆ ಹೆಸರಾಗಿದೆ. ಇಂಥದ್ದರಲ್ಲಿ ಮಗ ದೆವ್ವ, ಜಾದೂ ಎಂದು ಓದುತ್ತಾ ಕುಳಿತರೆ ಅಪ್ಪನಿಗೆ ಸಿಟ್ಟು ಬರುವುದು ಸಹಜವೇ: ‘ಅದನ್ನ ಓದಿದ್ರ ಪರೀಕ್ಷಾದಾಗ ಬರ್ತದೇನು?’ ಬರುವುದಿಲ್ಲ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಅರ್ಧ ಪುಟದ ಗದ್ಯ ಕೊಟ್ಟು ಅರ್ಥ ಕೇಳಿದಾಗ ಕಂಗೆಡದಿರಲು 300 ಪುಟದ ಕಥೆಯನ್ನು ತಾನಾಗಿ ಓದಿ ಮುಗಿಸಿದ ಅಭ್ಯಾಸ ಬೇಕು. ಆ ಅಭ್ಯಾಸ ಗೈಡುಗಳಿಂದ ಬರುವುದಿಲ್ಲ. ಗೈಡನ್ನು ಯಾರೂ ‘ಮುಂದೇನಾಯಿತು’ ಎಂದು ಓದುವುದಿಲ್ಲ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1974ರಲ್ಲೇ ಒಂದು ಪ್ರಬಂಧದಲ್ಲಿ ತಮ್ಮ ದೇಶದ ದೊಡ್ಡವರು ಡ್ರ್ಯಾಗನ್ನುಗಳಿಗೆ ಹೆದರುವುದೇಕೆ ಎಂದು ಕೇಳಿದ್ದರು. ತಕ್ಷಣದ ಲಾಭ ತೋರದ ಓದೆಲ್ಲ ದಂಡವೆಂಬ ವ್ಯಾಪಾರಿ ಮನಸ್ಸನ್ನು ಅವರು ಅಲ್ಲಿ ತರಾಟೆಗೆ ತೆಗೆದುಕೊಂಡಿದ್ದಾರೆ. ಆ ಮನಸ್ಸಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಭಾಲ್ಕಿಯಲ್ಲೂ ಇದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ, ಮತ್ತು ಅದು ಈ ಸೀಮೆಯದೇ. ಬೀದರ್, ಕಲಬುರಗಿ ಭಾಗಕ್ಕೆ ಭಾನಾಮತಿಯ ಕುಖ್ಯಾತಿ ಅಂಟಿಕೊಂಡಿದೆ. ಯಾರದೋ ಮೈಮೇಲೆ ಗಾಯ ಎದ್ದರೆ, ಯಾರದೋ ಮನೆಯ ಬಟ್ಟೆಗೆ ಬೆಂಕಿ ಹತ್ತಿದರೆ, ನೆರೆಮನೆಯ ಮುದುಕಿಯ ಮೇಲೆ ಗುಮಾನಿ ಹೊರಿಸಿ ಹಿಂಸಿಸಿದ ಚರಿತ್ರೆ ಇಲ್ಲಿನದು. ಮಾಟ, ಅಮಾನವೀಯ ಆಚರಣೆಗಳ ವಿರುದ್ಧ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಬಸವಣ್ಣನ ಕಲ್ಯಾಣವಿರುವ ಜಿಲ್ಲೆಯಲ್ಲಿ, ಮಕ್ಕಳ ಕೈಗೆ ಮಂತ್ರದಂಡದ ಪುಸ್ತಕ ಕೊಟ್ಟು ಮೌಢ್ಯಕ್ಕೆ ನೀರೆರೆಯಬೇಕೆ ಎಂದು ಒಬ್ಬ ವಿಜ್ಞಾನ ಶಿಕ್ಷಕರು ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ.

ಉತ್ತರ ಕಥೆ ಹೇಳುವ ಕ್ರಮದಲ್ಲೇ ಇದೆ. ಭಾನಾಮತಿ ಬರುವುದು ಸುದ್ದಿಯಾಗಿ: ‘ನಿನ್ನೆ ರಾತ್ರಿ ಆ ಓಣಿಯಾಗ ಹಿಂಗಾತು.’ ಅದಕ್ಕೆ ಹೆಸರು, ಮನೆ, ಜಾತಿ ಎಲ್ಲ ಇರುತ್ತದೆ. ಕೇಳಿದವರು ಹೆದರಬೇಕು, ಪ್ರಶ್ನೆ ಕೇಳಬಾರದು. ಆಯಿ ಹೇಳುವ ಕಥೆ ‘ಒಂದಾನೊಂದು ಊರಾಗ’ ಎಂದು ಶುರುವಾಗುತ್ತದೆ. ಅಷ್ಟು ಕೇಳಿದೊಡನೆ ಐದು ವರ್ಷದ ಮಗುವಿಗೂ ತಾನು ಆಟದ ಅಂಗಳಕ್ಕೆ ಬಂದಿದ್ದೇನೆಂದು ಗೊತ್ತಾಗುತ್ತದೆ. ಒಳ್ಳೆಯ ಫ್ಯಾಂಟಸಿಯಲ್ಲಿ ಮಂತ್ರಕ್ಕೂ ಕಟ್ಟಳೆ ಇರುತ್ತದೆ, ಬೆಲೆ ಇರುತ್ತದೆ. ಕದಮ್ ರಾವ್ ವಿದ್ಯೆಯ ಆಸೆಗೆ ತನ್ನ ಮೈಯನ್ನೇ ಕಳೆದುಕೊಂಡ. ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ (1968) ಹುಡುಗ ಗೆಡ್ ಜಂಬಕ್ಕೆ ಬಿದ್ದು ಮಾಡಿದ ಮಂತ್ರದಿಂದ ಎದ್ದ ನೆರಳು ಅವನನ್ನೇ ಅಟ್ಟಿಸಿಕೊಂಡು ಬರುತ್ತದೆ. ಇದು ಹೇಗೆ ನಡೆಯುತ್ತದೆ, ಇದರಿಂದ ಯಾರಿಗೆ ಲಾಭ, ಬೆಲೆ ತೆರುವವರು ಯಾರು ಎಂದು ಕಥೆಯೊಳಗೆ ಕೇಳಲು ಕಲಿತ ಹುಡುಗಿ ಅದೇ ಪ್ರಶ್ನೆಗಳನ್ನು ಓಣಿಯ ಮಂತ್ರವಾದಿಗೂ ಕೇಳಬಲ್ಲಳು. ಫ್ಯಾಂಟಸಿಯೊಂದೇ ಮೌಢ್ಯವನ್ನು ಓಡಿಸುತ್ತದೆ ಎನ್ನುವುದು ಉತ್ಪ್ರೇಕ್ಷೆ. ಕಥೆ ಮತ್ತು ವದಂತಿಯ ವ್ಯತ್ಯಾಸ ತಿಳಿಯಲು ಮಗುವಿಗೆ ಸಾಕಷ್ಟು ಕಥೆಗಳ ಬಳಕೆ ಬೇಕು ಎನ್ನುವುದು ಮಾತ್ರ ಅನುಭವದ ಮಾತು.

ಮಂತ್ರದ ಕಥೆಗಳ ಬಗೆಗಿನ ಈ ದಿಗಿಲು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. 2000ದಿಂದ 2009ರವರೆಗಿನ ದಶಕದಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಹ್ಯಾರಿ ಪಾಟರ್ ಮೊದಲ ಸ್ಥಾನದಲ್ಲಿತ್ತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಇಟ್ಟ ಲೆಕ್ಕ ಇದು. ವಾಮಾಚಾರ ಕಲಿಸುತ್ತದೆ ಎನ್ನುವುದು ಅಲ್ಲಿಯೂ ಕೇಳಿಬಂದ ದೂರು.

ಹಾಗೆಂದು ಮಾಯಾಕಥೆ ಎಂಬ ಹಣೆಪಟ್ಟಿ ಇದ್ದದ್ದನ್ನೆಲ್ಲ ಕಣ್ಣುಮುಚ್ಚಿ ಕೊಡುವುದೂ ಸಲ್ಲ. ಕದಮ್ ರಾವ್ ಕಥೆಯನ್ನೇ ನೋಡಿ: ಅದು ಶುರುವಾಗುವುದು ಉತ್ತಮ ಕುಲದ ನಾಗಿಣಿಯೊಬ್ಬಳು ಕೀಳು ಕುಲದ ಹಾವಿನ ಜೊತೆ ಸೇರಿದ್ದನ್ನು ಕಂಡ ರಾಜ ಸಿಟ್ಟಿಗೇಳುವುದರಿಂದ. ಹಾವಿನ ಲೋಕಕ್ಕೂ ಜಾತಿ ಹೊಕ್ಕಿದೆ. ಹಳೆಯ ಜಾನಪದದಲ್ಲಿ, ಹಳೆಯ ಮಾಸಿಕಗಳಲ್ಲಿ ರಾಕ್ಷಸ ಯಾವಾಗಲೂ ಕಪ್ಪು, ರಾಜಕುಮಾರಿ ಯಾವಾಗಲೂ ಬಿಳಿ. ಮಲತಾಯಿ ಎಂದಮೇಲೆ ಕೆಟ್ಟವಳೇ. ಅಂಥ ಕಡೆ ಪುಸ್ತಕ ಕಿತ್ತುಕೊಳ್ಳುವುದಕ್ಕಿಂತ ಜೊತೆಗೆ ಕೂತು ಮಾತಾಡುವುದು ಲೇಸು. ‘ಆ ಹಾವು ಮಾಡಿದ ತಪ್ಪರ ಏನು?’ ಎಂದು ಕೇಳಿದರೆ ವಚನಗಳ ನಾಡಿನ ಮಕ್ಕಳು ಉತ್ತರ ಹುಡುಕಿಕೊಳ್ಳುತ್ತಾರೆ. ಲೆ ಗ್ವಿನ್ ತಮ್ಮ ಗೆಡ್‌ನನ್ನು ಕಂದು ಮೈಬಣ್ಣದವನನ್ನಾಗಿ ಮಾಡಿದ್ದು ಬೇಕೆಂದೇ. ಮಾಂತ್ರಿಕನೆಂದರೆ ಬಿಳಿಯನೇ ಆಗಿರಬೇಕೆಂಬ ರೂಢಿಯನ್ನು ಅವರು ಮುರಿದರು.

ಇನ್ನು ಯಾರಿಗೆ ಏನು ಕೊಡಬೇಕು? ಇಲ್ಲಿ ವಯಸ್ಸಿನ ಲೆಕ್ಕ ಮುಖ್ಯ, ಆದರೆ ತರಗತಿಯ ಲೆಕ್ಕವಲ್ಲ. ಆರನೆಯ ತರಗತಿಯ ಮಗು ಮೂರನೆಯ ತರಗತಿಯ ಮಟ್ಟದಲ್ಲಿ ಓದುತ್ತಿರಬಹುದು, ಅದರ ಕಲ್ಪನೆ ಮಾತ್ರ ಆರನೆಯದೇ. ಅಂಥ ಮಗುವಿಗೆ ಎಳೆಯರ ಪುಸ್ತಕ ಕೊಟ್ಟರೆ ಅವಮಾನ, ದಪ್ಪ ಪುಸ್ತಕ ಕೊಟ್ಟರೆ ಭಯ. ಓದಿ ಹೇಳುವುದು ಅಲ್ಲಿ ಮದ್ದು. ಒಂಬತ್ತರಿಂದ ಹನ್ನೊಂದರವರಿಗೆ ಕಿಂದರಿಜೋಗಿ, ಪಂಜೆಯವರ ಕಥೆಗಳು, ಬೇತಾಳ ಕಥೆಗಳ ಸಂಗ್ರಹ, 2024ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಒಳ್ಳೆಯ ಆರಂಭ. ಇಂಟರ್ನೆಟ್ ಇರುವಲ್ಲಿ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ, ಮರಾಠಿ, ಉರ್ದು ಕಥೆಗಳು ಪುಕ್ಕಟೆ ಸಿಗುತ್ತವೆ. ಮುದ್ರಿಸಿ ಹಂಚಲೂ ಅಡ್ಡಿಯಿಲ್ಲ. ಒಂದೇ ಚಿತ್ರಕಥೆಯನ್ನು ಎರಡು ಭಾಷೆಗಳಲ್ಲಿ ಮಗ್ಗುಲಲ್ಲಿಟ್ಟು ಓದುವ ಸೌಲಭ್ಯ ಗಡಿನಾಡಿನ ಮಕ್ಕಳಿಗೆ ಹೇಳಿ ಮಾಡಿಸಿದ್ದು.

ಹನ್ನೆರಡು ದಾಟಿದವರಿಗೆ ಕನ್ನಡದಲ್ಲಿ ಸ್ವಲ್ಪ ಹುಡುಕಬೇಕು. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂತು, ಮಕ್ಕಳ ಕಾದಂಬರಿ ಎಂಬ ರೂಪ ಕನ್ನಡದಲ್ಲಿ ಜೀವಂತವಾಗಿದೆ ಎನ್ನಲು ಇಂಥ ಕೃತಿಗಳು ಆಧಾರ. ಮಾಯೆ ಇಲ್ಲದೆಯೂ ಮಾಯಾಲೋಕದ ಬೆರಗು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕ ಆ ತಂಡದ ಹಿಂದೆ ಹದಿಮೂರರ ಹುಡುಗರು ತಾವಾಗಿ ನಡೆಯುತ್ತಾರೆ. ಎ.ಕೆ. ರಾಮಾನುಜನ್ ಕನ್ನಡದಲ್ಲಿ ಸಂಗ್ರಹಿಸಿದ, ಹುಡುಗಿಯೊಬ್ಬಳು ಹೂಮರವಾಗುವ ಜಾನಪದ ಕಥೆ ಹೈಸ್ಕೂಲಿನ ಹೆಣ್ಣುಮಕ್ಕಳ ಕೈ ಸೇರಬೇಕಾದದ್ದು. ಮರವಾದಾಗ ಯಾರೋ ಅವಳ ಟೊಂಗೆ ಮುರಿಯುತ್ತಾರೆ. ಅವಳು ಮತ್ತೆ ಮನುಷ್ಯಳಾದಾಗ ಕೈಕಾಲುಗಳೇ ಇರುವುದಿಲ್ಲ. ತನ್ನ ಮೈ, ತನ್ನ ಒಪ್ಪಿಗೆ, ಇನ್ನೊಬ್ಬರ ದುಡುಕು – ಇವುಗಳ ಬಗ್ಗೆ ತರಗತಿಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಆ ಕಥೆ ಹೇಳುತ್ತದೆ. ಗಿರೀಶ ಕಾರ್ನಾಡರು ಇದನ್ನೇ ‘ಚೆಲುವಿ’ ಚಿತ್ರ ಮಾಡಿದರು. ಅವರದೇ ‘ನಾಗಮಂಡಲ’, ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಪಿಯುಸಿ ವಯಸ್ಸಿಗೆ ಕಾದಿರಲಿ.

ಮರಾಠಿ ಚೆನ್ನಾಗಿ ಬರುವವರಿಗೆ ಮರಾಠಿ ಹ್ಯಾರಿ ಪಾಟರ್ ಕೊಡಲು ಕನ್ನಡದ ಶಿಕ್ಷಕರು ಹಿಂಜರಿಯಬೇಕಿಲ್ಲ. ಓದುವ ಚಟ ಯಾವ ಭಾಷೆಯಲ್ಲಿ ಹತ್ತಿದರೂ ಬಿಡುವುದಿಲ್ಲ, ಪಕ್ಕದ ಕಪಾಟಿಗೂ ಕೈ ಚಾಚುತ್ತದೆ. ಆ ಸರಣಿಯ ಬಗ್ಗೆ ಒಂದು ಎಚ್ಚರ ಸಾಕು. ಮೊದಲ ಮೂರು ಪುಸ್ತಕ ಹತ್ತರ ಮಗುವಿಗೂ ಸರಿ. ನಾಲ್ಕನೆಯದರಿಂದ ಸಾವು, ದ್ವೇಷಗಳ ಛಾಯೆ ಗಾಢವಾಗುತ್ತ ಹೋಗುತ್ತದೆ. ನಾಯಕ ಬೆಳೆದಂತೆ ಓದುಗರೂ ಬೆಳೆಯಲಿ. ಇಂಗ್ಲಿಷ್ ಬಲ್ಲವರಿಗೆ ಸಲ್ಮಾನ್ ರಶ್ದಿಯವರ ‘ಹಾರೂನ್ ಅಂಡ್ ದಿ ಸೀ ಆಫ್ ಸ್ಟೋರೀಸ್’ (1990) ಕೊಟ್ಟು, ಅದರ ಹೆಸರಿನ ಹಿಂದೆ ಸೋಮದೇವನ ‘ಕಥಾಸರಿತ್ಸಾಗರ’ ಇದೆ, ಅದರ ಹಿಂದೆ ಗುಣಾಢ್ಯನ ಬೃಹತ್ಕಥೆ ಇದೆ, ಆ ಗುಣಾಢ್ಯ ಇದ್ದನೆಂದು ಐತಿಹ್ಯ ಹೇಳುವ ಪ್ರತಿಷ್ಠಾನ ಬೀದರಿನ ಆಚೆಗಿನ ಮರಾಠವಾಡದ ಪೈಠಣವೇ ಎಂದು ಹೇಳಿದರೆ ಮಕ್ಕಳ ಕಣ್ಣು ಅರಳದೆ ಇರದು.

ಕೊಡುವ ರೀತಿಯಲ್ಲೇ ಅರ್ಧ ಗೆಲುವು. ‘ಇದು ಭಾಳ ಛಲೋ ಪುಸ್ತಕ, ಓದು’ ಎಂದರೆ ಮಕ್ಕಳು ಪಠ್ಯವೆಂದು ತಿಳಿದು ಓಡುತ್ತಾರೆ. ‘ಟಿವ್ಯಾಗ ನಿನಗ ಯಾರು ಹಿಡಿಸ್ತಾರ? ಯಾಕ?’ ಎಂದು ಮೊದಲು ಕೇಳಬೇಕು. ಹುಡುಗನಿಗೆ ಯುದ್ಧ ಇಷ್ಟವೋ, ಒಗಟೋ, ಪ್ರಾಣಿಯೋ, ಹೆದರಿಕೆಯೋ, ನಗೆಯೋ ಎಂದು ತಿಳಿದರೆ ಪುಸ್ತಕ ತಾನಾಗಿ ಹೊಳೆಯುತ್ತದೆ. ಮೊದಲ ಎರಡು ಪುಟ ಗಟ್ಟಿಯಾಗಿ ಓದಿ, ಬಿಕ್ಕಟ್ಟಿನ ಜಾಗದಲ್ಲಿ ನಿಲ್ಲಿಸಿ ಕೊಟ್ಟುಬಿಡುವುದು ಬೇತಾಳನಷ್ಟೇ ಹಳೆಯ ಉಪಾಯ. ಹಿಡಿಸದಿದ್ದರೆ ಅರ್ಧಕ್ಕೆ ಬಿಡುವ ಹಕ್ಕು ಮಕ್ಕಳಿಗೂ ಇರಲಿ. ಓದಿ ಬಂದಮೇಲೆ ‘ಇದರ ನೀತಿ ಏನು?’ ಎಂಬ ಪ್ರಶ್ನೆಯನ್ನು ಒಂದು ವರ್ಷ ರಜೆಯ ಮೇಲೆ ಕಳಿಸಬಹುದು.

ಇನ್ನೊಂದು ತೊಡಕು ಭಾಷೆಯ ರೂಪದ್ದು. ಮನೆಯಲ್ಲಿ ‘ಹೋಗ್ಲಕತ್ತಿನಿ’, ‘ಬರ್ಲಕತ್ತಾರ’ ಎನ್ನುವ ಮಗುವಿಗೆ ಬೆಂಗಳೂರಿನಲ್ಲಿ ಅಚ್ಚಾದ ಪುಸ್ತಕದ ಕನ್ನಡ ಅರ್ಧ ಪರಭಾಷೆ. ಮನೆಮಾತು ಮರಾಠಿಯಾದರೆ ಮುಕ್ಕಾಲು. ಗ್ರಂಥಾಲಯದಲ್ಲಿ ಓದಿ ಹೇಳುವವರು ಮಾತುಕತೆಯ ಭಾಗಗಳನ್ನು ಬೀದರಿನ ಕನ್ನಡಕ್ಕೆ ಹೊರಳಿಸಿ ಹೇಳಿದರೆ ರಾಕ್ಷಸನೂ ಪಕ್ಕದ ಓಣಿಯವನಾಗುತ್ತಾನೆ. ಊರಿನ ಆಯಿ, ಮುತ್ಯಾಗಳನ್ನು ತಿಂಗಳಿಗೊಂದು ಭಾನುವಾರ ಕರೆಸಿ ಕಥೆ ಹೇಳಿಸಿದರೆ ಇನ್ನೂ ಚೆಂದ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಕಥೆ ಅವರಿಗೆ ಕನ್ನಡದಲ್ಲೂ ಬರುತ್ತದೆ, ಖಂಡೋಬನ ಹೆಸರಲ್ಲಿ ಮರಾಠಿಯಲ್ಲೂ ಬರುತ್ತದೆ.

ಇಷ್ಟಕ್ಕೆಲ್ಲ ಹೊಸ ಇಲಾಖೆ ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ತೆಕ್ಕೆಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳ ಉಚಿತ ನೋಂದಣಿ ಶುರುವಾಯಿತು. ಈಗ ರಾಜ್ಯದಲ್ಲಿ ಇಂಥ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ‘ಅರಿವು ಕೇಂದ್ರ’ದ ಹೆಸರಿನಲ್ಲಿವೆ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವೂ ಇದೆ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಇದೆ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. ರಸ್ತೆ, ಕಟ್ಟಡ, ಉತ್ಸವಗಳಿಗೆ ಹೋಗುವ ಹಣದ ಒಂದು ಚೂರು ಪುಸ್ತಕಕ್ಕೆ ಬಂದರೆ ಸಾಕು. ಸರ್ಕಾರದ ಸಗಟು ಖರೀದಿಯಲ್ಲಿ ‘ಮಕ್ಕಳ ಸಾಹಿತ್ಯ’ ಎಂಬ ಒಂದೇ ಬುಟ್ಟಿಯೊಳಗೆ ಶಿಶುಗೀತೆಯನ್ನೂ ಕಿಶೋರರ ಕಾದಂಬರಿಯನ್ನೂ ಹಾಕುವ ಬದಲು ಹನ್ನೊಂದರಿಂದ ಹದಿನಾರರವರಿಗೆಂದೇ ಪ್ರತ್ಯೇಕ ಪಾಲು ಇಟ್ಟರೆ ಪ್ರಕಾಶಕರಿಗೂ ಧೈರ್ಯ ಬರುತ್ತದೆ, ಲೇಖಕರಿಗೂ.

ಭಾಲ್ಕಿಗೆ ಇಂಥ ಜಾಣತನ ಹೊಸದೇನಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಸೀಮೆ ಇಂದಿಗೂ ನೆನೆಯುತ್ತದೆ. ಈಗಿನ ಗ್ರಂಥಾಲಯದ ಹೊರಗೆ ‘ಸ್ಪರ್ಧಾತ್ಮಕ ಪರೀಕ್ಷಾ ಮಾಹಿತಿ’ ಎಂಬ ಬೋರ್ಡು ಬೇಕಿದ್ದರೆ ಇರಲಿ, ಒಳಗಿನ ಒಂದು ಕಪಾಟಿನಲ್ಲಿ ಗಿಳಿಯಾದ ರಾಜನೂ ಹಾರುವ ಓತಿಯೂ ಜಾಗ ಹಿಡಿಯಲಿ.

ಬೀದರಿನ ಲೇಖಕರಿಗೂ ಒಂದು ಕೆಲಸ ಬಾಕಿಯಿದೆ. ಕದಮ್ ರಾವ್ ಕಥೆಯನ್ನು ಹನ್ನೆರಡರ ಮಕ್ಕಳು ಓದುವಂಥ ಕನ್ನಡದಲ್ಲಿ, ಅದರ ಜಾತಿಯ ಗಂಟನ್ನು ಬಿಚ್ಚಿ ನೋಡುವ ಧೈರ್ಯದೊಂದಿಗೆ, ಯಾರಾದರೂ ಮರುಹೇಳಬೇಕು. ಸಾಮಗ್ರಿ ಅದೊಂದೇ ಅಲ್ಲ. ನೌಬಾದಿನ ನೆಲದಡಿಯಲ್ಲಿ ಬಹಮನಿ ಕಾಲದ, ಕಾರೇಜ್ ಎಂಬ ನೀರಿನ ಸುರಂಗಗಳಿವೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು. 1470ರ ಸುಮಾರಿಗೆ ಬೀದರಿನಲ್ಲಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಆಳಂದದಲ್ಲಿ ‘ಗುಕುಕ್’ ಎಂಬ ಇರುಳುಹಕ್ಕಿ ಇದೆಯೆಂದೂ, ಅದು ಕುಳಿತ ಮನೆಯಲ್ಲಿ ಸಾವಾಗುತ್ತದೆಂದೂ, ಕೊಲ್ಲಲು ಹೋದವರ ಮೇಲೆ ಬಾಯಿಂದ ಬೆಂಕಿ ಕಾರುತ್ತದೆಂದೂ ಬರೆದಿಟ್ಟಿದ್ದಾನೆ. ಮಂಗಗಳಿಗೆ ಸೈನ್ಯ ಸಮೇತ ಒಬ್ಬ ರಾಜಕುಮಾರನಿದ್ದಾನೆಂಬ ಮಾತನ್ನೂ ಅವನು ಕೇಳಿ ದಾಖಲಿಸಿದ. ಬೆಂಕಿ ಉಗುಳುವ ಜೀವಿಗಾಗಿ ಕನ್ನಡದ ಮಕ್ಕಳು ಇಂಗ್ಲೆಂಡಿನವರೆಗೆ ಹೋಗಬೇಕಿಲ್ಲ, ಆಳಂದದ ಬಸ್ಸು ಹತ್ತಿದರೆ ಸಾಕು.

ನವೆಂಬರಿನಲ್ಲಿ ರಾಜ್ಯೋತ್ಸವವೂ ಬರುತ್ತದೆ, ಮಕ್ಕಳ ದಿನಾಚರಣೆಯೂ ಬರುತ್ತದೆ. ಎರಡಕ್ಕೂ ಸೇರಿ ಪ್ರತಿ ಪಂಚಾಯಿತಿ ಗ್ರಂಥಾಲಯ ಇಪ್ಪತ್ತೈದು ಪುಸ್ತಕ ಕೊಳ್ಳಲಿ: ಹದಿನೈದು ಕನ್ನಡದ್ದು, ಐದು ಮರಾಠಿಯದು, ಉಳಿದವು ಉರ್ದು ಮತ್ತು ಇಂಗ್ಲಿಷಿನವು. ಒಂದಕ್ಕೆ ಸರಾಸರಿ 200 ರೂಪಾಯಿ ಹಿಡಿದರೂ ಐದು ಸಾವಿರಕ್ಕೆ ಮುಗಿಯುತ್ತದೆ. ಆಯ್ಕೆ ಮಾಡುವಾಗ ಪಕ್ಕದ ಹೈಸ್ಕೂಲಿನ ನಾಲ್ಕು ಮಕ್ಕಳನ್ನೂ ಕೂಡಿಸಿಕೊಳ್ಳಲಿ. ಮೊದಲು ಆ ಪುಸ್ತಕಗಳನ್ನು ಗ್ರಂಥಾಲಯದ ಮೇಲ್ವಿಚಾರಕರು ಮತ್ತು ಒಬ್ಬ ಶಿಕ್ಷಕರು ತಾವೇ ಓದಲಿ, ಯಾಕೆಂದರೆ ಓದದವರ ಶಿಫಾರಸನ್ನು ಮಕ್ಕಳು ಮೊದಲ ವಾಕ್ಯದಲ್ಲೇ ಪತ್ತೆ ಹಚ್ಚುತ್ತಾರೆ. ಆರು ತಿಂಗಳ ಮೇಲೆ ಸಾಲದ ರಿಜಿಸ್ಟರ್ ತೆಗೆದು ಯಾವ ಪುಸ್ತಕ ಎಷ್ಟು ಸಲ ಮನೆಗೆ ಹೋಯಿತು, ಅವುಗಳಲ್ಲಿ ಹೆಣ್ಣುಮಕ್ಕಳು ಒಯ್ದದ್ದು ಎಷ್ಟು ಎಂದು ಎಣಿಸಿದರೆ, ಮುಂದಿನ ವರ್ಷದ ಖರೀದಿಗೆ ಬೇರೆ ಸಮಿತಿಯ ವರದಿ ಬೇಕಾಗುವುದಿಲ್ಲ.